ತಕ್ಕಡಿ ಏರದ ಬಿಳಿಮೀನು

ಮೊನ್ನೆ ನನ್ನ ಮೊಮ್ಮಗಳು ನನಗೊಂದು ಸ್ವೆಟರ್ ಹೆಣೆದುಕೊಡುತ್ತೇನೆಂದು ಹೊರಟಳು. ಅಳತೆಗಾಗಿ ದರ್ಜಿಗಳ ಟೇಪನ್ನು ನನ್ನ ಹೊಟ್ಟೆಯ ಸುತ್ತ ತಂದು, "ತಾತ, ಉಸಿರು ಬಿಡು. ಹೊಟ್ಟೆ ಒಳಗೆಳ್ಕೊಂಡ್ರೆ ಮೋಸ," ಎಂದಳು. ಬಿಟ್ಟೆ. ಟೇಪು ತೋರಿಸಿದ ಅಂಕಿ ನಮ್ಮ ಮನೆಯೊಳಗಿನ ವಿಷಯ, ಅದು ಅಲ್ಲೇ ಇರಲಿ. ಆದರೆ ಅವಳು ಅದನ್ನು ಗಟ್ಟಿಯಾಗಿ ಓದಿದ ಕೂಡಲೇ ನನ್ನ ತಲೆಯೊಳಗೆ ತಾನಾಗಿಯೇ ಒಂದು ಲೆಕ್ಕ ಓಡಿತು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸು, ಬಂದದ್ದನ್ನು ಉದ್ದದಿಂದ ಗುಣಿಸು, ಎಂಟುನೂರರಿಂದ ಭಾಗಿಸು. ನಾನು ಮೀನಾಗಿದ್ದರೆ ಎಷ್ಟು ತೂಗುತ್ತಿದ್ದೆ ಎಂಬ ಲೆಕ್ಕ ಅದು. ಬಂದ ಉತ್ತರ ಮೀನಿಗಾದರೆ ಭೂಷಣ. ಮೇಷ್ಟರಿಗಲ್ಲ.

ಮೇಷ್ಟರಿಗೂ ಮೀನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಅಮ್ಮನೂ ಅದನ್ನೇ ಕೇಳಿದ್ದಳು, ಇದಕ್ಕಿಂತ ಬಹಳ ಜೋರಾಗಿ. ನಮ್ಮದು ಈರುಳ್ಳಿ ಕೂಡ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದ ಮನೆ.

ತೂಕ ಊಹಿಸುವ ಚಟ ನನಗೆ ಚಿಕ್ಕಂದಿನಿಂದ ಅಂಟಿದ್ದು. ನಾನು ಬೆಳೆದದ್ದು ಮದ್ದೂರಿನಲ್ಲಿ, ಬೆಲ್ಲದ ಮಂಡಿಯ ಹಿಂದಿನ ಬೀದಿಯಲ್ಲಿ. ಮಂಡಿಯ ತೊಲೆಗೆ ನೇತುಬಿಟ್ಟ ದೊಡ್ಡ ತಕ್ಕಡಿಯ ಮುಂದೆ ನಿಂತು, ಬೆಲ್ಲದ ಪಿಂಡಿ ತಟ್ಟೆಗೆ ಬೀಳುವ ಮೊದಲೇ ತೂಕ ಹೇಳುವುದು ನನ್ನ ಆಟ. ಆಗಿನ ನಮ್ಮ ಲೆಕ್ಕ ರಾತಲಿನದು, ಅಂದರೆ ಪೌಂಡಿನದು. ಬೆಲ್ಲದಲ್ಲಿ ಪಳಗಿದ ಮೇಲೆ ಕುಂಬಳಕಾಯಿಗೆ ಹೋದೆ, ಅಲ್ಲಿಂದ ಮನುಷ್ಯರಿಗೆ. ಶ್ರಾದ್ಧಕ್ಕೆ ಬಂದ ಪುರೋಹಿತರನ್ನು ಊಟಕ್ಕೆ ಮೊದಲೊಮ್ಮೆ, ಊಟ ಮುಗಿದ ಮೇಲೊಮ್ಮೆ ಕಣ್ಣಲ್ಲೇ ತೂಗಿ, ಎರಡರ ವ್ಯತ್ಯಾಸವನ್ನು ಪಂಕ್ತಿಯಲ್ಲಿ ಕೂಗಿ ಹೇಳಿದ್ದಕ್ಕೆ ಅಪ್ಪನಿಂದ ಬಿದ್ದ ಏಟು ಇನ್ನೂ ನೆನಪಿದೆ. ಆ ಏಟಿನ ತೂಕವನ್ನೂ ಅಂದಾಜು ಮಾಡಿದ್ದೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಬೆಳಗಿನ ಹೊತ್ತು ಅಪ್ಪ ಶಿಂಷಾ ಹೊಳೆಯಲ್ಲಿ ಸೊಂಟದ ಮಟ್ಟ ನಿಂತು ಅರ್ಘ್ಯ ಕೊಡುವಾಗ ನಾನು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಸಣ್ಣ ಮೀನುಗಳು ಬಂದು ಹಿಮ್ಮಡಿಗೆ ಮುತ್ತುತ್ತಿದ್ದವು. ಇವುಗಳಿಗೂ ತೂಕ ಇರುತ್ತದಲ್ಲ, ಎಷ್ಟಿರಬಹುದು, ನೀರಿನಲ್ಲಿ ಅದು ಎಲ್ಲಿಗೆ ಹೋಗಿಬಿಡುತ್ತದೆ ಎಂದು ಯೋಚಿಸುತ್ತಿದ್ದೆ. ಕೇಳಲು ಯಾರೂ ಸಿಗಲಿಲ್ಲ. ಅಪ್ಪನನ್ನು ಕೇಳುವ ಹಾಗಿರಲಿಲ್ಲ.

ಮುಂದೆ ಗಣಿತದ ಮೇಷ್ಟರಾಗಿ ಮಳವಳ್ಳಿಗೆ ಹೋದೆ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ನೀರೊಲೆಯಂಥ ಒಂದು ಡ್ರಮ್ಮು. ಅದಕ್ಕೆ ಇದ್ದಿಲು ತುಂಬಿ ಬೆಂಕಿ ಹಚ್ಚಿ, ತಿದಿಯ ಚಕ್ರ ತಿರುಗಿಸಿ ತಿರುಗಿಸಿ, ಬಸ್ಸಿಗೆ ಮನಸ್ಸು ಬಂದಾಗ ಹೊರಡುವುದು. ಏರು ಬಂದರೆ ಅದಕ್ಕೆ ದಮ್ಮು. ಒಂದು ದಿನ ಮದ್ದೂರಿನಿಂದ ಬರುವಾಗ ಇಂಥದೇ ಏರಿನಲ್ಲಿ ಬಸ್ಸು ನಿಂತಿತು. ಸ್ಟೇರಿಂಗ್ ಹಿಡಿದಿದ್ದವನು ಖಾದರ್ ಸಾಬಿ. ಅವನು ಡ್ರೈವರಲ್ಲ, ಮೆಕಾನಿಕ್ಕು. ಮಳವಳ್ಳಿ ಪೇಟೆಯಲ್ಲಿ ಅವನದೊಂದು ರಿಪೇರಿ ಶೆಡ್ಡು. ಅವತ್ತು ಡ್ರೈವರಿಗೆ ಜ್ವರವೆಂದು ತಾನೇ ಬಸ್ಸು ತಂದಿದ್ದ. ಅವನು ಹಿಂದಕ್ಕೆ ತಿರುಗಿ, "ಒಸಿ ಜನ ಇಳ್ಕಂಡು ನಡೀಬೇಕು ಕಣ್ರಪ್ಪ. ಎಲ್ರೂ ಬ್ಯಾಡ, ಒಂದು ಐದು ಮಣದಷ್ಟು ಇಳುದ್ರೆ ಸಾಕು," ಎಂದ.

ಎಷ್ಟು ಜನ ಎನ್ನದೆ ತೂಕದ ಲೆಕ್ಕದಲ್ಲಿ ಎಷ್ಟು ಮಣ ಎಂದವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದುರಿಗೆ ಕೂತಿದ್ದ ಎಣ್ಣೆ ಅಂಗಡಿಯ ಶೆಟ್ಟರತ್ತ ಕೈ ತೋರಿಸಿ, "ಇವರೊಬ್ಬರೇ ಇಳಿದರೆ ಆಯ್ತಲ್ಲ," ಎಂದುಬಿಟ್ಟೆ. ಶೆಟ್ಟರು ಇಳಿಯಲಿಲ್ಲ. ನನ್ನನ್ನು ಇಳಿಸಿದರು. ಬಸ್ಸು ಏರು ಹತ್ತಿ, ಮೇಲೆ ನಿಂತು ನನಗಾಗಿ ಕಾದಿತ್ತು. ಖಾದರ್ ಕೆಳಗಿಳಿದು, ನಗುತ್ತ, ನನಗೊಂದು ಬೀಡಿ ಕೊಡಲು ಬಂದ. ನಾನು ಸೇದುವುದಿಲ್ಲ ಎಂದೆ. "ಸೇದ್ಬ್ಯಾಡಿ, ಇಟ್ಕಳಿ," ಎಂದ. ನಮ್ಮ ಸ್ನೇಹ ಹಾಗೆ ಶುರುವಾಯಿತು.

ಖಾದರನಿಗೆ ಎರಡೇ ಪ್ರಪಂಚ. ಒಂದು ಎಂಜಿನ್ನು, ಇನ್ನೊಂದು ಗಾಳ. ಬಿಡುವು ಸಿಕ್ಕರೆ ಹಲಗೂರಿನ ದಾರಿ ಹಿಡಿದು ಮುತ್ತತ್ತಿಯ ಕಡೆ ಕಾವೇರಿಗೆ ಹೋಗುವನು. ಬಿದಿರಿನ ಕೋಲಿಗೆ ಹಳೆಯ ಬಸ್ಸಿನ ಹಿತ್ತಾಳೆ ಬುಷ್ಷುಗಳಿಂದ ತಾನೇ ಮಾಡಿದ ದಾರದ ರಾಟೆ ಕಟ್ಟಿದ್ದ. ಅವನಿಗೆ ಬೇಕಾದದ್ದು ಬಿಳಿಮೀನು. ಇಂಗ್ಲಿಷ್ ದೊರೆಗಳು ಅದನ್ನು ಮಹಸೀರ್ ಎನ್ನುತ್ತಾರೆ ಎಂದು ಅವನೇ ಹೇಳಿದ. ಆಳುದ್ದ ಬೆಳೆಯುವ ಮೀನು. ಅಂಥದನ್ನು ಹಿಡಿದು ಅವನು ಮಾಡುತ್ತಿದ್ದುದೇನು ಗೊತ್ತೇ? ಬಿಟ್ಟುಬಿಡುತ್ತಿದ್ದ.

"ಹಿಡಿಯೋದು ಯಾಕೆ, ಬಿಡೋದು ಯಾಕೆ?" ಎಂದು ಕೇಳಿದೆ. ಅವನ ಶೆಡ್ಡಿನಲ್ಲಿ ಟೈರಿನ ಮೇಲೆ ಕೂತಿದ್ದೆ.

ಖಾದರ್ ಸ್ಪ್ಯಾನರು ಕೆಳಗಿಟ್ಟ. "ಒಂದ್ ಸಲ ಕೊಂದಿದ್ದೆ ಮೇಷ್ಟ್ರೇ. ಬ್ಯಾಸ್ಗೆ. ಎಲ್ರಿಗೂ ಅಂಚನಾ ಅಂತ ಬಸ್ಸಿನ ಮ್ಯಾಲೆ ಆಕ್ಕಂಡು ತತ್ತಾ ಇದ್ದೆ. ದಾರೀಲಿ ಬಸ್ಸು ಕೆಟ್ಟೋಯ್ತು. ರಿಪೇರಿ ಮಾಡಿ ಊರಿಗ್ ಬರೋ ಅಷ್ಟೊತ್ಗೆ ಮೀನು ನಾತ. ಅಷ್ಟು ದೊಡ್ಡದನ್ನ ಗುಂಡಿ ತೋಡಿ ಮಣ್ಣಿಗಾಕ್ದೆ. ನಮ್ ಮಗ್ಳು ಜುಬೇದಾ ಅಳ್ತಾ ನಿಂತಿದ್ಲು. ತಿನ್ನೋಕೆ ಕೊಂದ್ರೆ ಸರಿ, ಊಳೋಕೆ ಯಾಕ್ ಕೊಂದೆ ಅಂದ್ಲು. ಏನ್ ಯೋಳ್ಲಿ? ಅವತ್ತಿಂದ ಸಣ್ಣವು ಮನೇಗೆ, ದೊಡ್ಡವು ಒಳೇಗೆ."

ಇದರಲ್ಲಿ ತಾಪತ್ರಯವೇನೂ ಇರಲಿಲ್ಲ, ಹಲಗೂರಿನ ಪಟೇಲ್ ಪುಟ್ಟೇಗೌಡರು ಇಲ್ಲದಿದ್ದರೆ. ಪಟೇಲರೂ ಗಾಳದವರೇ. ಒಂದು ಕಾಲದಲ್ಲಿ ಅವರು ಹಿಡಿದ ಬಿಳಿಮೀನನ್ನು ಹಲಗೂರಿನ ಮಂಡಿಯ ತಕ್ಕಡಿಗೆ ಹಾಕಿ ಎಲ್ಲರೆದುರು ತೂಗಿದ್ದರು: ಎಂಬತ್ತೆರಡು ರಾತಲು. ಆಮೇಲೆ ಯಾರು ಯಾವ ಮೀನಿನ ಸುದ್ದಿ ತೆಗೆದರೂ ಪಟೇಲರು, "ತೂಗಿದ್ಯೇನ್ಲಾ?" ಎನ್ನುವರು. ಅದಕ್ಕಿಂತ ದೊಡ್ಡದೊಂದನ್ನು ಹಿಡಿದು ಬಿಟ್ಟೆ ಎಂದು ಖಾದರ್ ಸಂತೆಯಲ್ಲಿ ಹೇಳಿದಾಗ ಪಟೇಲರು ಹೇಳಿದ್ದು ಮಳವಳ್ಳಿಯಿಂದ ಮಂಡ್ಯದವರೆಗೆ ಹಬ್ಬಿತ್ತು: "ಬುಟ್ಬುಟ್ಟ ಮೀನಿಗೆ ತೂಕ ಎಷ್ಟಾದ್ರೂ ಯೋಳ್ಬೋದು ಕಣ್ಲಾ. ನಾಳೆ ನೂರ್ ಅನ್ನು, ನಾಡಿದ್ದು ಇನ್ನೂರ್ ಅನ್ನು. ಮೀನೇನ್ ಬಂದು ಸಾಕ್ಷಿ ಯೋಳ್ತದಾ?"

ಸುಳ್ಳುಗಾರ ಎನ್ನಿಸಿಕೊಂಡ ಖಾದರ್ ಕುದ್ದುಹೋಗಿದ್ದ. ಶೆಡ್ಡಿಗೆ ಬರುವ ಗಿರಾಕಿಗಳು ಕೂಡ, "ಏನ್ ಸಾಬ್ರೇ, ರಿಪೇರಿ ಮಾಡಿದೀನಿ ಅಂತೀರಲ್ಲ, ಅದೂ ಬುಟ್ಬುಟ್ಟ ಮೀನಾ?" ಎಂದು ಚುಚ್ಚುವುದಕ್ಕೆ ಶುರುಮಾಡಿದ್ದರು. ಕೈಗುಣದ ಹೆಸರಿನ ಮೇಲೆ ಬದುಕುವವನಿಗೆ ಅದು ಸಣ್ಣ ಮಾತಲ್ಲ. ಒಂದು ಸಂಜೆ ಕೇಳಿದ: "ತಕ್ಕಡೀಗ್ ಆಕ್ದೆ, ಕೊಲ್ದೆ, ತೂಕ ಯೋಳಕ್ಕಾಯ್ತದಾ ಮೇಷ್ಟ್ರೇ? ನಿಮ್ಮ ಲೆಕ್ಕದ ಪುಸ್ತಕದಾಗೆ ಏನಾದ್ರೂ ಅದಾ?"

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಕೇಳುತ್ತಿದ್ದುದು ಗಂಟೆ ಯಾವಾಗ ಹೊಡೆಯುತ್ತೆ ಸಾರ್ ಎಂದು. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ನನ್ನ ತಲೆಯಲ್ಲಿ ಮೀನೇ. ಹೆಂಡತಿ ಸಾವಿತ್ರಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ನಾನು ಸುಮ್ಮನಿರುವುದನ್ನು ಕಂಡು ಏನೆಂದು ಕೇಳಿದಳು. ಹೇಳಿದೆ. ಅವಳು ಮುಖ ಸಿಂಡರಿಸಬಹುದೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸೌತೆಕಾಯಿಯನ್ನು ತಿರುಗಿಸಿ ನೋಡಿ, "ಮೀನು ಹೀಗೇ ಅಲ್ವಾ ಇರೋದು? ನಡುವೆ ದಪ್ಪ, ಎರಡೂ ಕಡೆ ಚೂಪು. ಇದರ ತೂಕ ಹೇಳೋಕಾದ್ರೆ ಅದರದ್ದೂ ಹೇಳಬಹುದು," ಎಂದಳು.

ನಮ್ಮ ಅಡುಗೆಮನೆಯಲ್ಲಿ ಆ ವಾರವೆಲ್ಲ ಸೌತೆಕಾಯಿ. ಉದ್ದ ಎರಡರಷ್ಟಾದರೆ ತೂಕವೂ ಎರಡರಷ್ಟು, ಆದರೆ ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು. ಆದ್ದರಿಂದ ಸುತ್ತಳತೆಯನ್ನು ಎರಡು ಸಲ ಗುಣಿಸಬೇಕು ಎಂಬಲ್ಲಿಯವರೆಗೆ ಬಂದೆವು. ಉಳಿದದ್ದು ಯಾವುದರಿಂದ ಭಾಗಿಸಬೇಕು ಎಂಬುದು. ಅದನ್ನು ಸೌತೆಕಾಯಿ ಹೇಳಲಾರದು. ಮೀನೇ ಹೇಳಬೇಕು.

ಹಾಗಾಗಿ ಸಾವಿತ್ರಿಯ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡು ಸಂತೆಗೆ ಹೋದೆ. ಮೀನು ಮಾರುತ್ತಿದ್ದ ಹೊನ್ನಮ್ಮ ನನ್ನ ಜುಟ್ಟು, ನಾಮ, ಕೊರಳಲ್ಲಿದ್ದ ಟೇಪು ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಏನ್ ಸಾಮಿ, ಮೀನಿಗೆ ಅಂಗಿ ಒಲುಸ್ತೀರಾ?"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ವಿಷಯ ಹೇಳಿದ ಮೇಲೆ ಹೊನ್ನಮ್ಮನಿಗೂ ಕುತೂಹಲ ಹತ್ತಿತು. ಅವಳೇ ಮೀನನ್ನು ಎತ್ತಿ ಹಿಡಿಯುವಳು, ನಾನು ತುದಿಬೆರಳಲ್ಲಿ ಟೇಪು ಸುತ್ತಿ ಲೆಕ್ಕ ಹಾಕುವೆನು, ಅವಳು ಕೈಯಲ್ಲಿ ತೂಗಿ ಒಂದು ಅಂಕಿ ಹೇಳುವಳು, ಆಮೇಲೆ ತಕ್ಕಡಿ. ಒಮ್ಮೆ ಅವಳು ಗೆಲ್ಲುವಳು, ಒಮ್ಮೆ ನಾನು. ಕೆಲವು ಸಂತೆಗಳಾದ ಮೇಲೆ, ಅಂಗುಲದಲ್ಲಿ ಅಳೆದು ರಾತಲಿನಲ್ಲಿ ಹೇಳುವುದಾದರೆ ಭಾಗಿಸಬೇಕಾದದ್ದು ಹೆಚ್ಚುಕಡಿಮೆ ಎಂಟುನೂರು ಎಂದು ನಿಂತಿತು.

ಅಷ್ಟರಲ್ಲಿ ಸುದ್ದಿ ನಮ್ಮ ಬೀದಿ ಮುಟ್ಟಿತ್ತು. ಮದ್ದೂರಿನಿಂದ ಬಂದು ನಮ್ಮ ಜೊತೆಗಿದ್ದ ಅಮ್ಮ ನಡುಮನೆಯಲ್ಲಿ ಕಾದು ಕೂತಿದ್ದಳು.

"ಮೀನು ತಿಂತಿದೀಯೇನೋ?"

"ಇಲ್ಲಮ್ಮ. ಅಳೀತಿದೀನಿ."

"ಅಳೆಯೋನಿಗೆ ತಿನ್ನೋದು ಎಷ್ಟು ದೂರ?" ಎಂದು, ಟೇಪನ್ನು ಕಡ್ಡಿಯಲ್ಲಿ ಎತ್ತಿ ಬಚ್ಚಲುಮನೆಯ ಗೂಟಕ್ಕೆ ಹಾಕಿಸಿದಳು. ಅಲ್ಲಿಂದ ಮುಂದೆ ಅದರ ಸ್ಥಾನ ಅದೇ. ಸಾವಿತ್ರಿ ಮಾತ್ರ ನನ್ನ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಇವತ್ತಿನ ಉತ್ತರ ಸರಿ ಬಂತಾ?" ಎಂದಳು.

ಪಟೇಲರಿಗೆ ಲೆಕ್ಕವನ್ನು ವಿವರಿಸಲು ನಾನು, ಖಾದರ್ ಹಲಗೂರಿಗೆ ಹೋದೆವು. ಅವರು ಜಗಲಿಯ ಮೇಲೆ ಕೂತು ಗಂಭೀರವಾಗಿ ಕೇಳಿದರು. ಬೆರಳು ಮಡಿಚಿ ಮಡಿಚಿ ಗುಣಾಕಾರವನ್ನೂ ಪರೀಕ್ಷಿಸಿದರು.

"ಲೆಕ್ಕ ಸರಿಯಾಗೇ ಅದೆ ಮೇಷ್ಟ್ರೆ. ಆದ್ರೆ ಟೇಪು ಹಿಡಿಯೋರು ಯಾರು? ಇವ್ನೇ ಹಿಡ್ಕಂಡು ಇವ್ನೇ ಯೋಳುದ್ರೆ ನಾನ್ ಒಪ್ಪಾಕಿಲ್ಲ."

"ನಾನೇ ಹಿಡೀತೀನಿ," ಎಂದೆ. ಬಾಯಿ ಮುಂದೆ ಹೋಗಿತ್ತು. ಬುದ್ಧಿ ಹಿಂದಿನಿಂದ ಬರುತ್ತಿತ್ತು.

ಪಟೇಲರು ನನ್ನನ್ನು ನೋಡಿದರು. "ಜೀವ ಇರೋ ಮೀನ್ನಾ? ನೀವಾ?" ಆಮೇಲೆ ಎದ್ದು ನಿಂತು, "ಸರಿ. ಅಂಗಾರೆ ನಾನೂ ಬತ್ತೀನಿ. ನನ್ ಗಾಡೀಲೇ ಓಗುವ. ನಂದಕ್ಕಿಂತ ದೊಡ್ಡದಾದ್ರೆ ಸಂತೇಲಿ ನಿಂತ್ಕಂಡು ಒಪ್ಕತೀನಿ. ಇಲ್ದಿದ್ರೆ ಖಾದ್ರಿ, ನೀನು ಬಾಯ್ ಮುಚ್ಕಂಡು ಇರ್ಬೇಕು," ಎಂದರು.

ಒಂದು ಶನಿವಾರ ಮಧ್ಯಾಹ್ನ ಪಟೇಲರ ಗಾಡಿಯಲ್ಲಿ ಹೊರಟೆವು. ಪಟೇಲರೇ ಹೊಡೆಯುತ್ತಿದ್ದರು. ಹಲಗೂರು ದಾಟಿದ ಮೇಲೆ ಕಾಡು. ಮತ್ತಿ ಮರಗಳ ಬೇರು ಹಾಯ್ದಾಗಲೆಲ್ಲ ನಾನು ಗಾಡಿಯಲ್ಲಿ ಒಂದಷ್ಟು ಮೇಲೆ ಹೋಗಿ ಕೆಳಗೆ ಬರುತ್ತಿದ್ದೆ. ಹೊಳೆದಂಡೆಯಲ್ಲಿ ಪಟೇಲರ ಗುರುತಿನವರ ಗುಡಿಸಲಿನಲ್ಲಿ ಮಲಗಿದೆವು. ಬೆಳಗ್ಗೆ ಎದ್ದರೆ ಪಟೇಲರು ದೊಡ್ಡದೊಂದು ಮಡಕೆಯಲ್ಲಿ ರಾಗಿಮುದ್ದೆ ತಿರುವುತ್ತಿದ್ದಾರೆ. ಅರ್ಧ ಅವರ ನಾಷ್ಟಾಕ್ಕೆ, ಇನ್ನರ್ಧ ಗಾಳಕ್ಕೆ. ಮೀನಿಗೂ ಪಟೇಲರಿಗೂ ಒಂದೇ ಮಡಕೆ. ನಾನು ಸಾವಿತ್ರಿ ಕಟ್ಟಿಕೊಟ್ಟ ಅವಲಕ್ಕಿಯನ್ನು ಮೂಲೆಯಲ್ಲಿ ಕೂತು ತಿಂದೆ. ಖಾದರ್ ಮುದ್ದೆಯನ್ನು ನಾದಿ ನಾದಿ, ನಿಂಬೆಹಣ್ಣಿನ ಗಾತ್ರ ಮಾಡಿ, ಗಾಳವನ್ನು ಅದರೊಳಗೆ ಮುಚ್ಚಿ ಎಸೆದ.

ಮೀನು ಹಿಡಿಯುವುದೆಂದರೆ ಬಹುಪಾಲು ಕೂತಿರುವುದು ಎಂದು ನನಗೆ ಗೊತ್ತಿರಲಿಲ್ಲ. ಬಂಡೆ ಕಾಯತೊಡಗಿತು. ಪಟೇಲರು ತೂಕಡಿಸಿದರು. ನಾನು ಎದುರು ದಡದ ಮರಗಳ ಎತ್ತರವನ್ನು ನೆರಳಿನಿಂದ ಲೆಕ್ಕ ಹಾಕುತ್ತಿದ್ದೆ. ಆಗ ಖಾದರನ ಹಿತ್ತಾಳೆ ರಾಟೆ ಕಿರುಚಿತು.

ಅದರ ಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ದಾರ ಹೊಳೆಯ ನಡುವಿಗೆ ಓಡುತ್ತಿತ್ತು, ಖಾದರ್ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ, ಪಟೇಲರು ತಮ್ಮದೇ ಮೀನೆಂಬಂತೆ "ಬುಡು, ದಾರ ಬುಡು! ಎಳೀಬ್ಯಾಡ ಕಣೋ, ಅದ್ಕೆ ಬೇಕಾದಷ್ಟು ಓಡ್ಲಿ!" ಎಂದು ಕೂಗುತ್ತಿದ್ದರು. ನಾನು ಕೊರಳಲ್ಲಿ ಟೇಪು ಹಾಕಿಕೊಂಡು, ಯಾರದೋ ಮದುವೆ ಬಟ್ಟೆಗೆ ಅಳತೆ ತೆಗೆಯಲು ಬಂದು ದಾರಿ ತಪ್ಪಿದ ದರ್ಜಿಯ ಹಾಗೆ ಅವರಿಬ್ಬರ ಹಿಂದೆ ಓಡಿದೆ. ಸೂರ್ಯ ಮರದ ತುದಿ ಬಿಟ್ಟು ಮೇಲೆ ಬಂದಿದ್ದ. ಕೊನೆಗೆ ಮೀನು ದಡದ ಹತ್ತಿರ ತಿಳಿನೀರಿಗೆ ಬಂತು.

ಬಿಳಿಮೀನು ಎಂಬ ಹೆಸರು ಇಟ್ಟವರು ಯಾರೋ ಕಾಣೆ. ಅದು ಬಿಳಿಯಲ್ಲ. ಬೆನ್ನು ಹುಣಿಸೆಹಣ್ಣಿನಲ್ಲಿ ಬೆಳಗಿದ ಕಂಚಿನ ಬಣ್ಣ, ಅದರ ಮೇಲೊಂದು ಗೂನು, ಹೊಟ್ಟೆಯ ಕಡೆಗೆ ಬಂದಂತೆ ತಿಳಿಯಾದ ಹಳದಿ. ಮೈಮೇಲಿನ ಒಂದೊಂದು ಹುರುಪೆಯೂ ಎಳೆ ವೀಳ್ಯದೆಲೆಯಷ್ಟು ಅಗಲ. ದಪ್ಪ ತುಟಿ, ಎರಡೂ ಕಡೆ ಮೀಸೆ. ಅದು ನನ್ನನ್ನು ನೋಡಿತು ಎಂದರೆ ನೀವು ನಗುತ್ತೀರಿ. ಅದರ ಕಣ್ಣು ನಾನಿದ್ದ ಕಡೆಗಿತ್ತು, ಅಷ್ಟು ಹೇಳಬಲ್ಲೆ.

ಖಾದರನ ಕಟ್ಟಪ್ಪಣೆ ಮೊದಲೇ ಆಗಿತ್ತು. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಬಾರದು, ಒಣಗಿದ ಕೈ ತಗುಲಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕಬಾರದು. ನೀರಿನಿಂದ ಮೇಲೆತ್ತಲೇಬಾರದು, ಹೊಳೆಯಲ್ಲಿ ಹಗುರಾಗಿದ್ದ ಮೈ, ಮೇಲೆ ತಂದರೆ ತನ್ನ ಭಾರಕ್ಕೆ ತಾನೇ ಒಳಗೆ ಜಜ್ಜಿಹೋಗುತ್ತದೆ. ಚಿಕ್ಕಂದಿನಲ್ಲಿ ಶಿಂಷಾ ಹೊಳೆಯ ಮೆಟ್ಟಿಲ ಮೇಲೆ ನನಗೆ ಹೊಳೆದಿದ್ದ ಪ್ರಶ್ನೆಗೆ ಹೀಗೊಂದು ಕಡೆಯಿಂದ ಉತ್ತರ ಸಿಕ್ಕಿತಲ್ಲ ಎನ್ನಿಸಿತು.

ಖಾದರ್ ಮೊಣಕಾಲುದ್ದ ನೀರಿಗೆ ಇಳಿದು, ಪಟೇಲರು ದಡದ ಬಂಡೆಯಿಂದಲೇ ಬಗ್ಗಿ, ಒದ್ದೆ ಕಂಬಳಿಯನ್ನು ನೀರಿನಲ್ಲಿ ಹಾಸಿದಂತೆ ಹಿಡಿದು, ಅದರ ಮೇಲೆ ಮೀನನ್ನು ನಿಲ್ಲಿಸಿಕೊಂಡರು. ಖಾದರ್ ತುಟಿಯಿಂದ ಗಾಳ ಬಿಡಿಸಿದ. ನಾನು ಪಂಚೆ ಎತ್ತಿ ಕಟ್ಟಿ ಇಳಿದೆ. ಉದ್ದ ಸುಲಭವಾಯಿತು: ತುಟಿಯಿಂದ ಬಾಲದ ಕವಲಿನವರೆಗೆ ಐವತ್ತನಾಲ್ಕು ಅಂಗುಲ. ಪಟೇಲರು ಬಗ್ಗಿ ನೋಡಿ ತಲೆಯಾಡಿಸಿದರು. ಸುತ್ತಳತೆಗೆ ಹೊಟ್ಟೆಯಡಿ ಕೈ ತೂರಿಸಬೇಕು. ತೂರಿಸಿದೆ. ಟೇಪು ಒಂದು ಸಲ ಜಾರಿತು. ಮತ್ತೊಂದು ಸಲ ತಿರುಚಿಕೊಂಡಿತು. ತಿರುಚಿದ ಟೇಪಿನ ಅಳತೆ ತಪ್ಪು ಎಂದು ನಾನು ಮತ್ತೆ ಶುರುಮಾಡಿದೆ. "ಬಿರ್ರನೆ ಮೇಷ್ಟ್ರೇ, ಬಿರ್ರನೆ," ಎಂದ ಖಾದರ್. ಮೂವತ್ತನಾಲ್ಕು. "ಮೂವತ್ತನಾಲ್ಕು!" ಎಂದು ನಾನು ತಲೆಯೆತ್ತಿ ಕೂಗಿದೆ. ಕೂಗಿ ಕೆಳಗೆ ನೋಡಿದರೆ ಮೀನು ಮೆಲ್ಲಗೆ ಪಕ್ಕಕ್ಕೆ ವಾಲುತ್ತಿತ್ತು. ಹಳದಿ ಹೊಟ್ಟೆ ಮೇಲಕ್ಕೆ ಬಂತು.

ಖಾದರ್ ಕಂಬಳಿ ಬಿಸಾಡಿ ಅದನ್ನು ನೆಟ್ಟಗೆ ಹಿಡಿದ. ಕೈ ಸಡಿಲಿಸಿದರೆ ಮತ್ತೆ ವಾಲುವುದು.

ಪಟೇಲರು ಮೆತ್ತಗೆ ಹೇಳಿದರು, "ಸೋತೋಗದೆ ಕಣ್ಲಾ ಖಾದ್ರಿ. ಇನ್ನು ಏಳಾಕಿಲ್ಲ. ಗಾಡೀಗ್ ಆಕು. ಒದ್ದೆ ಗೋಣಿ ಮುಚ್ಕಂಡು ಓಡುಸ್ತೀನಿ, ಮಂಡೀಲಿ ತಕ್ಕಡಿ ಅದೆ. ನಾನೇ ತೂಗುಸ್ತೀನಿ, ನಾನೇ ಕೂಗಿ ಯೋಳ್ತೀನಿ."

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಖಾದರನಿಗೆ ನ್ಯಾಯ ದಕ್ಕಲಿ ಎಂದೇ ಹೇಳಿದ್ದರು. ನನ್ನ ಮನಸ್ಸೂ ತಕ್ಕಡಿಯ ಕಡೆಗೆ ಓಡಿತು. ಎಂಟುನೂರು ಸರಿಯೋ ತಪ್ಪೋ ಇವತ್ತು ಗೊತ್ತಾಗುತ್ತದೆ. ಇಷ್ಟು ದೊಡ್ಡ ಮೀನು ಇನ್ನು ನನ್ನ ಟೇಪಿಗೆ ಸಿಕ್ಕುವುದಿಲ್ಲ.

"ಬ್ಯಾಡ," ಎಂದ ಖಾದರ್. ತಲೆಯೆತ್ತಲಿಲ್ಲ. "ಇನ್ನೊಂದನ್ನ ಮಣ್ಣಿಗಾಕಾಕಿಲ್ಲ ನಾನು."

ಅವನು ಎದೆಮಟ್ಟದ ನೀರಿಗೆ ಹೋದ. ಒಂದು ಕೈಯಲ್ಲಿ ಬಾಲದ ಬುಡ, ಇನ್ನೊಂದು ಕೈ ಹೊಟ್ಟೆಯಡಿ. ಆದರೆ ಅಷ್ಟು ಹೊತ್ತು ಕೋಲು ಹಿಡಿದ ತೋಳುಗಳಲ್ಲಿ ಸತ್ತ್ವ ಉಳಿದಿರಲಿಲ್ಲ. "ಮೇಷ್ಟ್ರೇ, ಒಸಿ ಕೈ ಕೊಡಿ," ಎಂದ. ನನಗೆ ಈಜು ಬಾರದು. ಅದನ್ನು ಹೇಳುವ ಹೊತ್ತೂ ಅದಲ್ಲ. ಹೋದೆ. ಹೊಟ್ಟೆಯಡಿ ಎರಡೂ ಕೈ ಕೊಟ್ಟು ನಿಂತೆ. ಅದರ ಕಿವಿರು ಒಮ್ಮೆ ತೆರೆದರೆ ಮತ್ತೆ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ನನಗೆ ಗೊತ್ತಿಲ್ಲದೆಯೇ ಅದರ ಜೊತೆಗೆ ಉಸಿರು ಬಿಗಿಹಿಡಿದು ಬಿಡುತ್ತಿದ್ದೆ. ಅಷ್ಟರಲ್ಲಿ ಖಾದರನ ಕಾಲು ಪಾಚಿಯ ಮೇಲೆ ಜಾರಿತು. ಮೀನು ನನ್ನ ಕೈಮೇಲೆ ಮಗುಚಿತು. ಮೂವರೂ, ಅಂದರೆ ಖಾದರ್, ನಾನು, ಮೀನು, ಸೆಳವಿನ ಕಡೆಗೆ ವಾಲಿದೆವು.

"ಅಂಗಲ್ಲ ಕಣ್ಲಾ, ನಿನ್ ಮನೆ ಕಾಯ್ವಾಗ!" ಎಂಬ ಗರ್ಜನೆ ಕೇಳಿತು. ಪಟೇಲರು ರುಮಾಲು, ಅಂಗಿ, ಎಲೆಅಡಿಕೆ ಚೀಲದ ಸಮೇತ ನೀರಿಗೆ ಇಳಿದಿದ್ದರು. ಒಂದು ಕೈಯಲ್ಲಿ ನನ್ನ ಭುಜ ಹಿಡಿದು ನಿಲ್ಲಿಸಿ, ಮೀನನ್ನು ಎರಡೂ ತೋಳಲ್ಲಿ, ಬಾಣಂತಿ ಕೂಸನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡರು. "ಇಲ್ಲಿ ನೀರು ನಿಂತದೆ. ಇಲ್ಲಿ ಇಟ್ಕಂಡ್ರೆ ಎಂಗ್ಲಾ ಉಸ್ರಾಡ್ತದೆ? ಅರಿಯೋ ಕಡೀಕ್ ಬನ್ನಿ. ಬಾಯಿ ಎದುರು ನೀರಿಗಿರ್ಲಿ. ನೀನು ಬಾಲ ಹಿಡ್ಕ. ಹಿಂದುಕ್ಕೂ ಮುಂದುಕ್ಕೂ ಎಳೀಬ್ಯಾಡ, ಸುಮ್ನೆ ಹಿಡ್ಕ. ನೀರೇ ಒಳೀಕ್ ಓಯ್ತದೆ."

ಬಂಡೆಗಳ ನಡುವೆ ನೊರೆಯಾಗಿ ಇಳಿದುಬರುತ್ತಿದ್ದ ನೀರಿನ ಎದುರು ನಾವು ಅದನ್ನು ಹಿಡಿದು ನಿಂತೆವು. ಎಷ್ಟು ಹೊತ್ತೋ. ಬಿಸಿಲು ನೆತ್ತಿಗೆ ಬಂದಿತ್ತು. ಕಾಲು ಮರಗಟ್ಟಿತ್ತು. ಪಟೇಲರು ಮೀನಿನ ಬಾಯಿಯನ್ನೇ ನೋಡುತ್ತಿದ್ದರು.

"ನಂದೂ ಇಂಗೇ ಬಾಯಾಡುಸ್ತಿತ್ತು," ಎಂದರು, ಯಾರನ್ನೂ ನೋಡದೆ. "ಬಂಡೆ ಮ್ಯಾಗೆ. ಬಾಳ ಒತ್ತು. ನಾನು ಪಕ್ಕದಲ್ಲೇ ಬೀಡಿ ಸೇದ್ಕಂಡು ಕುಂತಿದ್ದೆ. ಯಾವಾಗ್ ನಿಲ್ತದೆ ಅಂತ."

ಖಾದರ್ ಬಾಲ ಹಿಡಿದ ಕೈ ಬದಲಿಸಿದ.

ಆಮೇಲೆ ನನ್ನ ಅಂಗೈಯ ಮೇಲೆ ಏನೋ ಬದಲಾಯಿತು. ಮೊದಲು ಅದು ಬರೀ ಭಾರವಾಗಿತ್ತು. ಈಗ ಆ ಭಾರ ತನ್ನನ್ನು ತಾನು ಹೊರತೊಡಗಿತು. ಕಿವಿರುಗಳು ಒಂದೇ ಸಮನೆ ಆಡಿದವು. ಬೆನ್ನ ರೆಕ್ಕೆ ನಿಗುರಿತು. "ಬುಡ್ಬ್ಯಾಡಿ," ಎಂದರು ಪಟೇಲರು ಪಿಸುಮಾತಿನಲ್ಲಿ, "ಅದೇ ಓಗ್ಲಿ. ನಾವ್ ಕಳುಸ್ಬಾರ್ದು." ಮೈಯೊಳಗೆ ಒಂದು ಅಲೆ ತಲೆಯಿಂದ ಬಾಲದವರೆಗೆ ಹಾದುಹೋದ ಹಾಗಾಯಿತು. ಖಾದರನ ಮುಖಕ್ಕೆ ನೀರು ಬಡಿಯಿತು. ನನ್ನ ಕೈ ಖಾಲಿ. ಕಂಚಿನ ಬೆನ್ನು ಆಳದ ಹಸಿರಿನೊಳಗೆ ಒಂದು ಗಳಿಗೆ ಕಂಡು, ಕಾಣದಾಯಿತು.

ದಡಕ್ಕೆ ಬಂದು ಬಂಡೆಯ ಮೇಲೆ ಮೂವರೂ ಮಲಗಿಬಿಟ್ಟೆವು. ಪಟೇಲರ ಎಲೆಅಡಿಕೆಯೆಲ್ಲ ನೆನೆದು ಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಖಾದರ್ ಎತ್ತುಗಳಿಗೆ ನೀರು ಕುಡಿಸಲು ಹೋದ. ನಾನು ಬೆರಳಿನಿಂದ ಮರಳಿನ ಮೇಲೆ ಗುಣಿಸಿ, ಭಾಗಿಸಿದೆ. ಪಟೇಲರು ಕತ್ತು ಚಾಚಿ ನೋಡುತ್ತಿದ್ದರು.

"ಎಷ್ಟು?"

"ಎಪ್ಪತ್ತೆಂಟು," ಎಂದೆ. "ನಿಮ್ಮದಕ್ಕಿಂತ ನಾಲ್ಕು ರಾತಲು ಕಡಿಮೆ."

ಪಟೇಲರು ಮರಳನ್ನು ನೋಡಿದರು. ಆಮೇಲೆ ತಮ್ಮ ತೋಳುಗಳನ್ನು ನೋಡಿಕೊಂಡರು. "ನಿಮ್ ಲೆಕ್ಕ ತಪ್ಪು ಮೇಷ್ಟ್ರೆ," ಎಂದು ಒದ್ದೆ ಅಂಗೈಯಿಂದ ಮರಳನ್ನು ಸವರಿಬಿಟ್ಟರು. "ಎರಡನ್ನೂ ಎತ್ತಿರೋನು ನಾನೊಬ್ಬ. ನಂಗ್ ಗೊತ್ತು."

ಸಂಜೆ ಹಲಗೂರಿನ ಬಸ್ಸು ನಿಲ್ಲುವ ಕಡೆ ಗಾಡಿ ಬಂದಾಗ ಜನ ಸೇರಿತ್ತು. ಸುದ್ದಿ ಹೇಗೆ ಮುಟ್ಟಿತ್ತೋ! "ಮೀನೆಲ್ಲಿ ಪಟೇಲ್ರೇ? ತೂಗಿದ್ರಾ?" ಎಂದು ಯಾರೋ ಕೂಗಿದರು. ಖಾದರ್ ತಲೆ ಬಗ್ಗಿಸಿಕೊಂಡು ಕೋಲು, ರಾಟೆ ಇಳಿಸುತ್ತಿದ್ದ. ಪಟೇಲರು ಗಾಡಿಯ ಮೂಕಿಯ ಮೇಲೆ ನಿಂತು, ಇಡೀ ಹಲಗೂರಿಗೆ ಕೇಳುವಂತೆ ಹೇಳಿದರು: "ಬುಟ್ಬುಟ್ಟೊ ಕಣ್ರೋ. ನಂದಕ್ಕಿಂತ ದೊಡ್ಡದು. ನಾನೇ ಕಣ್ಣಾರೆ ನೋಡಿವ್ನಿ, ಕೈಯಾರೆ ಎತ್ತಿವ್ನಿ. ಇನ್ ಯಾವನಾದ್ರೂ ಖಾದ್ರೀನ ಸುಳ್ಳುಗಾರ ಅಂದ್ರೆ ನನ್ನ ಅಂದಂಗೆ."

ಬಸ್ಸಿನಲ್ಲಿ ಖಾದರನ ಪಕ್ಕ ಕೂತು ನಾನು ಮತ್ತೆ ಲೆಕ್ಕಕ್ಕೆ ಇಳಿದೆ. ಎಂಟುನೂರು ಬಂದದ್ದು ಸಂತೆಯ ಸಣ್ಣ ಮೀನುಗಳಿಂದ. ವಯಸ್ಸಾದ ದೊಡ್ಡ ಮೀನಿನ ತಲೆ, ಹೆಗಲು ದಪ್ಪ. ಸೌತೆಕಾಯಿಯ ಹಾಗೆ ತುದಿಗೆ ಚೂಪಲ್ಲ. ಅಂಥದಕ್ಕೆ ಏಳುನೂರೈವತ್ತರಿಂದ ಭಾಗಿಸಬೇಕೋ ಏನೋ. ಹಾಗೆ ಮಾಡಿದರೆ ಎಂಬತ್ತಮೂರು ಬರುತ್ತದೆ. ಖಾದರ್ ಗೆದ್ದ ಹಾಗೆ. ಪಟೇಲರು ಹೇಳಿದ್ದು ದೊಡ್ಡತನದ ಸುಳ್ಳೋ, ತೋಳಿಗೆ ಗೊತ್ತಾದ ನಿಜವೋ? ಇವತ್ತಿಗೂ ನನಗೆ ಗೊತ್ತಿಲ್ಲ. ಆ ಅಳತೆಯ ಮೀನು ಮತ್ತೆ ನನ್ನ ಕೈಗೆ ಬರಲಿಲ್ಲ, ಯಾವ ತಕ್ಕಡಿಗೂ ಬರಲಿಲ್ಲ.

ಖಾದರ್ ತೂಕವನ್ನೇ ಕೇಳಿರಲಿಲ್ಲ. ಬಸ್ಸು ಮಳವಳ್ಳಿಯ ಹತ್ತಿರ ಬಂದರೂ ಕೇಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಹೊರಗೆ ನೋಡುತ್ತಿದ್ದ. ನಾನೇ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ಅದು ಓಗೋವಾಗ ನಿಮ್ ಕೈಗೂ ಗೊತ್ತಾಯ್ತಾ?"

"ಆಯ್ತು."

"ಎಂಗಿತ್ತು, ಯೋಳಿ?"

ನಾನು ಗಣಿತದವನು. ಹೋಲಿಕೆ ಕೊಡಲು ಬರುವುದಿಲ್ಲ. ಅಂಗೈ ನೋಡಿಕೊಂಡು, "ತಣ್ಣಗಿತ್ತು. ಆದರೂ ಕೈ ಬಿಸಿಯಾದ ಹಾಗಾಯ್ತು," ಎಂದೆ.

"ಔದಲ್ವಾ!" ಎಂದು ಖಾದರ್ ಸೀಟಿನಿಂದ ಅರ್ಧ ಎದ್ದೇಬಿಟ್ಟ. "ನಂಗೊಬ್ಬನ್ಗೇ ಅಂಗಾಯ್ತದೇನೋ ಅನ್ಕಂಡಿದ್ದೆ."